ಓದುಗರ ಪ್ರಶ್ನೆ, ತಜ್ಞರ ಉತ್ತರ: ನಾಯಿಯ ಭಯ, ಬೊಗಳಾಟ, ಗುರುಗುಟ್ಟಾಟ

ದೀಪಾವಳಿಗೆ ಇನ್ನೆರಡು ತಿಂಗಳಿದೆ. ಹಾಗಾಗಿ ಪಟಾಕಿಯ ಪ್ರಶ್ನೆಗೇ ಮೊದಲ ಮಣೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ. ದೀಪಾವಳಿ ಬಂತೆಂದರೆ ಮಂಚದಡಿ ಸೇರಿಕೊಂಡು ಗಡಗಡ ನಡುಗುತ್ತದೆ, ಮೂರು ದಿನ ಊಟ ಮುಟ್ಟುವುದಿಲ್ಲ. ಹೆದರಿದಾಗ ಮುದ್ದು ಮಾಡಿದರೆ ಭಯ ಇನ್ನೂ ಜಾಸ್ತಿಯಾಗುತ್ತದೆ ಎನ್ನುತ್ತಾರೆ ಪಕ್ಕದ ಮನೆಯವರು. ನಿದ್ದೆ ಮಾತ್ರೆ ಕೊಡಬಹುದೇ?
– ಗೃಹಿಣಿ, ತುಮಕೂರು

ಉತ್ತರ: ಮುದ್ದು ಮಾಡಿದ್ದಕ್ಕೆ ಭಯ ಹೆಚ್ಚುವುದಿಲ್ಲ. ಭಯವೆನ್ನುವುದು ನಾಯಿ ಬೇಕೆಂದು ಮಾಡುವ ಕೆಲಸವಲ್ಲ. ಅದಾಗಿಯೇ ನಿಮ್ಮ ಹತ್ತಿರ ಬಂದರೆ ಬೆನ್ನ ಮೇಲೆ ಕೈಯಿಟ್ಟು ಸುಮ್ಮನೆ ಕೂತುಕೊಳ್ಳಿ. ಮಂಚದಡಿಯೇ ಇರುತ್ತೇನೆಂದರೆ ಅಲ್ಲೇ ಇರಲಿ. ಕಾಲು ಹಿಡಿದು ಈಚೆ ಎಳೆಯಲು ಹೋದಾಗ ಸಾಧು ನಾಯಿಯೂ ಕಚ್ಚಿಬಿಡುತ್ತದೆ.

ಅಭ್ಯಾಸವನ್ನು ಈ ವಾರವೇ ಶುರುಮಾಡಿ. ಪಟಾಕಿ ಸದ್ದಿನ ರೆಕಾರ್ಡಿಂಗ್ ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ 'ಢಂ' ಎನ್ನುವ ಆಳದ ಸದ್ದು ಬರುವುದೇ ಇಲ್ಲ, ಆದ್ದರಿಂದ ಟಿ.ವಿ.ಗೋ ದೊಡ್ಡ ಸ್ಪೀಕರಿಗೋ ಜೋಡಿಸಿ. ನಿಮಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ ಹಾಕಿ. ನಾಯಿಯ ಕಿವಿ ಒಮ್ಮೆ ಅಲುಗಿದರೆ ಸಾಕು, ಅದಕ್ಕಿಂತ ಹೆಚ್ಚಿನದೇನೂ ಆಗಬಾರದು. ಉಪ್ಪು, ಮಸಾಲೆ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಎಲುಬು ತೆಗೆದು ಕಡಲೆಕಾಳಿನ ಗಾತ್ರದ ಚೂರು ಮಾಡಿಟ್ಟುಕೊಂಡಿರಿ. ಮಾಂಸ ಬಳಸದ ಮನೆಯಾದರೆ ಪನೀರ್ ಆಗುತ್ತದೆ. ಸದ್ದು ಕೇಳಿದ ಒಂದೆರಡು ಸೆಕೆಂಡಿನೊಳಗೆ ಒಂದು ಚೂರು ಬಾಯಿಗೆ ಬೀಳಬೇಕು. ಸದ್ದು ನಿಂತರೆ ಕೋಳಿಯೂ ಬಂದ್. ದಿನಕ್ಕೆ ಎರಡು ಸಲ, ಮೂರರಿಂದ ಐದು ನಿಮಿಷ ಸಾಕು.

ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಇದರ ಕ್ರಮದಲ್ಲಿ. ಮೊದಲು ಕೋಳಿ ತೋರಿಸಿ ಆಮೇಲೆ ಸದ್ದು ಹಾಕಿದರೆ, ಕೋಳಿ ಬಂತೆಂದರೆ ಏನೋ ಗ್ರಹಚಾರ ಕಾದಿದೆ ಎಂದು ನಾಯಿ ಕಲಿಯುತ್ತದೆ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದರೂ ಎದ್ದು ಹೋಗುತ್ತದೆ. ಸದ್ದೇ ಮೊದಲು ಬರಬೇಕು. ಸದ್ದು ಕೇಳಿದೊಡನೆ 'ಎಲ್ಲಿ ನನ್ನ ಚೂರು?' ಎಂಬಂತೆ ನಿಮ್ಮ ಮುಖ ನೋಡತೊಡಗಿದ ಮೇಲೆ ದನಿಯನ್ನು ಒಂದೇ ಒಂದು ಹಂತ ಏರಿಸಿ. ತುಟಿ ನೆಕ್ಕುವುದು, ನಿದ್ದೆಯಿಲ್ಲದಿದ್ದರೂ ಆಕಳಿಸುವುದು, ಕಿವಿ ಹಿಂದಕ್ಕೆ ಮಲಗಿಸುವುದು, ಸೆಖೆಯಿಲ್ಲದೆ ಏದುಸಿರು ಬಿಡುವುದು ಕಂಡರೆ ದನಿ ಇಳಿಸಿ. ಕೋಳಿಯನ್ನೇ ಬೇಡವೆಂದಿತೇ? ಹಾಗಾದರೆ ದನಿ ಆಗಲೇ ಮಿತಿ ಮೀರಿತ್ತು, ಆ ದಿನದ ಪಾಠ ಅಲ್ಲಿಗೆ ಸಾಕು.

ರೆಕಾರ್ಡಿಂಗಿನಲ್ಲಿ ಬೆಳಕು, ಮದ್ದಿನ ವಾಸನೆ, ನೆಲದ ಕಂಪನ ಇರುವುದಿಲ್ಲ. ಹಾಗಾಗಿ ಇಷ್ಟರಿಂದಲೇ ಸರಪಟಾಕಿಗೆ ಜಗ್ಗದ ನಾಯಿ ತಯಾರಾಗುತ್ತದೆಂದು ಎಣಿಸಬೇಡಿ. ಗಣೇಶನ ಮೆರವಣಿಗೆಯ ತಮಟೆ, ಮದುವೆ ಮನೆಯ ಒಂಟಿ ಪಟಾಕಿ ದೂರದಿಂದ ಕೇಳಿದಾಗಲೆಲ್ಲ ಕೋಳಿ ಚೂರು ಬೀಳಲಿ. ನಿಜವಾದ ಸದ್ದಿನ ಅಭ್ಯಾಸ ಹಾಗೆಯೇ ಆಗಬೇಕು.

ಹಬ್ಬದ ದಿನದ ಮಾತು ಬೇರೆ. ನರಕ ಚತುರ್ದಶಿಯಂದು ಎಣ್ಣೆಸ್ನಾನ ಮುಗಿಸಿದವರು ನಸುಕಿನಲ್ಲೇ ಪಟಾಕಿಗೆ ಕೈಹಾಕುತ್ತಾರೆ. ಆದ್ದರಿಂದ ಎಂದಿನಂತೆ ಬೆಳಗಿನ ಐದೂವರೆಗೆ ವಾಕಿಂಗ್ ಬೇಡ, ಬೀದಿ ತಣ್ಣಗಾದ ಮೇಲೆ ಹತ್ತು ಗಂಟೆಗೋ ಮಧ್ಯಾಹ್ನವೋ ಹೋಗಿ. ಕುತ್ತಿಗೆಯ ಬೆಲ್ಟು, ಎದೆಗೆ ಸುತ್ತುವ ಹಾರ್ನೆಸ್ ಎರಡನ್ನೂ ಹಾಕಿ, ಬೆಲ್ಟಿನ ಮೇಲೆ ಫೋನ್ ನಂಬರ್ ಬರೆದಿರಲಿ. ದೀಪಾವಳಿಯಲ್ಲಿ ಕಳೆದುಹೋಗುವ ಎಷ್ಟೋ ನಾಯಿಗಳು ಬೆದರಿ, ಜಾರುವ ಬೆಲ್ಟಿನಿಂದ ತಲೆ ಬಿಡಿಸಿಕೊಂಡು ಓಡಿದವು. ಸಂಜೆ ಊಟ ಐದರೊಳಗೆ ಮುಗಿಯಲಿ. ರಸ್ತೆಗೆ ದೂರವಾದ ಒಳಕೋಣೆಯ ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನ್ ಜೋರಾಗಿಟ್ಟು, ಟಿ.ವಿ. ಹಚ್ಚಿ. ಆ ಕೋಣೆಯ ಬಾಗಿಲು ಮಾತ್ರ ತೆರೆದಿರಲಿ.

ಇನ್ನು ಮಾತ್ರೆ. ನಿಮ್ಮ ಮನೆಯ ಡಬ್ಬಿಯಿಂದ ಯಾವುದನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಕೂಡ ನಾಯಿಗೆ ವಿಷವಾಗಬಹುದು. ಹಿಂದೆ ಹೆಚ್ಚು ಬಳಕೆಯಲ್ಲಿದ್ದ ಅಸಿಪ್ರೊಮಜೀನ್ ಎಂಬ ಮಂಪರಿನ ಔಷಧ ಒಂದನ್ನೇ ಕೊಟ್ಟರೆ ಮೈ ಅಲುಗುವುದಿಲ್ಲ, ಆದರೆ ಕಿವಿ ಕೇಳುತ್ತಿರುತ್ತದೆ, ಭಯ ಹಾಗೇ ಇರುತ್ತದೆ. ನೋಡುವವರಿಗೆ ನಾಯಿ ಶಾಂತವಾಗಿದೆ ಅನ್ನಿಸುತ್ತದೆ, ಅಷ್ಟೇ. ಭಯವನ್ನೇ ತಗ್ಗಿಸುವ ಔಷಧಗಳಿವೆ. ಪಶುವೈದ್ಯರನ್ನು ಹಬ್ಬದ ಹಿಂದಿನ ಸಂಜೆಯಲ್ಲ, ಎರಡು ಮೂರು ವಾರ ಮೊದಲೇ ಕಾಣಿ. ಯಾವುದಾದರೂ ಸದ್ದಿಲ್ಲದ ದಿನ ಒಮ್ಮೆ ಕೊಟ್ಟು ನೋಡಿ, ಪ್ರಮಾಣ ಸರಿಯಿದೆಯೇ ಎಂದು ಅವರಿಗೆ ತಿಳಿಸಿ. ಮೂರು ದಿನ ಉಪವಾಸ ಬೀಳುವ ನಿಮ್ಮ ನಾಯಿಗೆ ಔಷಧ ಬೇಕೆಂದೇ ನಮ್ಮ ಅಭಿಪ್ರಾಯ. ಅದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುವವರು. ಒಂದು ವರ್ಷದ ನಾಟಿ ನಾಯಿ ಫ್ಲ್ಯಾಟಿನಲ್ಲಿ ಒಂಬತ್ತು ಗಂಟೆ ಒಂಟಿ. ನಾವು ಹೊರಟ ಮೇಲೆ ಒಂದೇ ಸಮನೆ ಕೂಗುತ್ತದಂತೆ. ಬಾಗಿಲ ಚೌಕಟ್ಟು ಕೆರೆದು ಹಾಳುಮಾಡಿದೆ. ಬೈದರೆ ತಪ್ಪು ಗೊತ್ತಾದಂತೆ ತಲೆ ತಗ್ಗಿಸುತ್ತದೆ, ಮರುದಿನ ಮತ್ತದೇ. ಇನ್ನೊಂದು ನಾಯಿ ತಂದರೆ ಸರಿಹೋಗುತ್ತದೆಯೇ? ನಾಯಿಯನ್ನೇ ಬಿಡಿ ಎನ್ನುತ್ತಿದೆ ಅಸೋಸಿಯೇಷನ್.
– ದಂಪತಿ, ಬೆಂಗಳೂರು

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ: ಸಾಕುನಾಯಿ ಇಟ್ಟುಕೊಳ್ಳಬಾರದೆಂದು ನಿವಾಸಿಗಳ ಸಂಘ ನಿಷೇಧ ಹೇರುವಂತಿಲ್ಲ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿ ಅದು ಸ್ಪಷ್ಟವಾಗಿದೆ. ಹಾಗೆಂದು ಪಕ್ಕದ ಫ್ಲ್ಯಾಟಿನವರ ತಲೆನೋವು ಸುಳ್ಳಲ್ಲ. ಏನು ಮಾಡುತ್ತಿದ್ದೀರಿ, ಎಷ್ಟು ತಿಂಗಳು ಹಿಡಿಯಬಹುದು ಎಂದು ಅವರಿಗೆ ನೀವಾಗಿ ಹೇಳಿ.

ಹಳೆಯ ಫೋನೊಂದನ್ನು ಬಾಗಿಲು ಕಾಣುವಂತೆ ನಿಲ್ಲಿಸಿ ವಿಡಿಯೊ ಮಾಡಿ. ಬೇಜಾರಿಗೆ ತುಂಟತನ ಮಾಡುವ ನಾಯಿ ಮೊದಲು ಒಂದಿಷ್ಟು ಮಲಗಿ, ಎದ್ದು, ಆಮೇಲೆ ಚಪ್ಪಲಿ ಹುಡುಕುತ್ತದೆ. ಒಂಟಿತನಕ್ಕೆ ಹೆದರುವ ನಾಯಿ ಲಿಫ್ಟಿನ ಸದ್ದು ನಿಲ್ಲುವ ಮೊದಲೇ ಊಳಿಡಲು ತೊಡಗುತ್ತದೆ. ಅರ್ಧ ಗಂಟೆಯೊಳಗೆ ಜೊಲ್ಲು, ಉಚ್ಚೆ, ಬಾಗಿಲು ಕೆರೆತ ಎಲ್ಲವೂ ಆಗಿರುತ್ತದೆ. ಇಟ್ಟುಹೋದ ತಿಂಡಿಯನ್ನು ನೀವು ವಾಪಸು ಬಂದ ಮೇಲೆ ತಿನ್ನುತ್ತದೆ. ಚೌಕಟ್ಟನ್ನೇ ಕೆರೆದಿದೆಯೆಂದರೆ ನಿಮ್ಮದು ಎರಡನೆಯ ಬಗೆಯದಿರಬೇಕು. ತಲೆ ತಗ್ಗಿಸುವುದು ಪಶ್ಚಾತ್ತಾಪದಿಂದಲ್ಲ. ನಿಮ್ಮ ಮುಖ ನೋಡಿ 'ಹೊಡೆಯಬೇಡ' ಎಂದು ಬೇಡುವ ರೀತಿ ಅದು. ಬೆಳಗ್ಗೆ ಆದದ್ದಕ್ಕೆ ಸಂಜೆ ಬೈದರೆ ನೀವು ಮನೆಗೆ ಬರುವುದಕ್ಕೂ ಅದು ಹೆದರತೊಡಗುತ್ತದೆ.

ಬೀಗದ ಕೈ, ಶೂ, ಬ್ಯಾಗು ಕಂಡೊಡನೆ ನಾಯಿಯ ಎದೆಬಡಿತ ಏರುತ್ತದೆ. ದಿನಕ್ಕೆ ಹತ್ತಾರು ಸಲ ಸುಮ್ಮನೆ ಬೀಗದ ಕೈ ಎತ್ತಿಕೊಂಡು ಸೋಫಾದ ಮೇಲೆ ಕೂತುಬಿಡಿ. ಶೂ ಹಾಕಿಕೊಂಡು ಅಡುಗೆಮನೆಗೆ ಹೋಗಿ. ಅದಕ್ಕೆ ನಾಯಿ ಕತ್ತೂ ಎತ್ತದಂತಾದಾಗ ಬಾಗಿಲಾಚೆ ಹೋಗಿ ಐದು ಸೆಕೆಂಡಿಗೆ ಒಳಗೆ ಬನ್ನಿ. ಆಮೇಲೆ ಹತ್ತು, ಏಳು, ಹದಿನೈದು, ಹತ್ತು, ಮೂವತ್ತು. ಪ್ರತಿಸಲವೂ ಏರಿಸುತ್ತ ಹೋದರೆ ಮುಂದಿನದು ಇನ್ನೂ ಕಷ್ಟವೆಂದು ನಾಯಿ ಲೆಕ್ಕ ಹಾಕುತ್ತದೆ, ಅದಕ್ಕೇ ನಡುವೆ ಸುಲಭದ್ದು ಬೇಕು. ಫೋನಿನಲ್ಲಿ ನೋಡುತ್ತಿರಿ, ಕೂಗಿದ ಮೇಲಲ್ಲ, ಕೂಗುವುದಕ್ಕೆ ಮುಂಚೆಯೇ ಒಳಬನ್ನಿ. ಮೊದಲ ಮೂವತ್ತು ನಲವತ್ತು ನಿಮಿಷ ದಾಟಿಸುವುದೇ ದೊಡ್ಡ ಕೆಲಸ. ಅಲ್ಲಿಂದಾಚೆ ಐದು, ಹತ್ತು ನಿಮಿಷದ ಹೆಜ್ಜೆ ಇಡಬಹುದು.

ಈ ಅಭ್ಯಾಸ ನಡೆಯುವಷ್ಟು ದಿನ ನಾಯಿಯನ್ನು ನಿಜಕ್ಕೂ ಒಂಟಿಯಾಗಿ ಬಿಡುವಂತಿಲ್ಲ. ಇದೇ ಕಷ್ಟದ ಭಾಗ, ಜನ ಕೈಬಿಡುವುದೂ ಇಲ್ಲೇ. ಬೆಳಗ್ಗೆ ಮೂವತ್ತು ಸೆಕೆಂಡು ಕಲಿಸಿ, ಆಮೇಲೆ ಒಂಬತ್ತು ಗಂಟೆ ಬಿಟ್ಟುಹೋದರೆ ಕಲಿತದ್ದೆಲ್ಲ ನೀರುಪಾಲು. ಪಾಳಿಯ ಮೇಲೆ ಒಬ್ಬರು ಮನೆಯಿಂದ ಕೆಲಸ ಮಾಡಿ, ಊರಿಂದ ಅತ್ತೆಯನ್ನೋ ಅಮ್ಮನನ್ನೋ ಕರೆಸಿಕೊಳ್ಳಿ, ಡೇಕೇರಿಗೆ ಬಿಡಿ. ಅಭ್ಯಾಸ ಮುಗಿದ ಮೇಲೂ ಮಧ್ಯಾಹ್ನ ಒಬ್ಬರು ಬಂದು ಹೊರಗೆ ಕರೆದೊಯ್ಯಬೇಕು. ಇನ್ನೊಂದು ನಾಯಿ ಸಾಮಾನ್ಯವಾಗಿ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಇದರ ಕೊರಗು ಮನುಷ್ಯರಿಲ್ಲವೆಂದು. ಬೊಗಳಿದರೆ ಶಾಕ್ ಹೊಡೆಯುವ ಬೆಲ್ಟು, ಬೀಗ ಹಾಕಿದ ಪಂಜರ ಎರಡೂ ಬೇಡ. ಪಂಜರದಿಂದ ಬಿಡಿಸಿಕೊಳ್ಳಲು ಹೋಗಿ ಇಂಥ ನಾಯಿಗಳು ಹಲ್ಲು, ಉಗುರು ಮುರಿದುಕೊಳ್ಳುತ್ತವೆ.

ಪ್ರಶ್ನೆ: ಐದು ತಿಂಗಳ ಮುಧೋಳ ಮರಿ. ಹೊಲದಲ್ಲಿ ಬಿಟ್ಟರೆ ಕುರಿಮರಿ, ಬೆಕ್ಕು ಕಂಡಲ್ಲಿ ಓಟ. ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ.
– ರೈತ, ಬಾಗಲಕೋಟೆ ಜಿಲ್ಲೆ

ಉತ್ತರ: ಅದು ಕಣ್ಣಿನಿಂದ ಬೇಟೆ ಹುಡುಕುವ ತಳಿ. ಓಟ ಶುರುವಾದ ಮೇಲೆ ಕೂಗುವುದು ವ್ಯರ್ಥ, ಅಷ್ಟೇ ಅಲ್ಲ ನಷ್ಟವೂ ಹೌದು. ಕೂಗಿಗೆ ಬರದಿದ್ದರೂ ನಡೆಯುತ್ತದೆಂದು ಮರಿ ಕಲಿಯುತ್ತದೆ. ಹೆಸರು ಸವೆದುಹೋಗಿರುವುದರಿಂದ ಸೀಟಿ ಬಳಸಿ. ಊಟದ ತಟ್ಟೆ ಇಡುವಾಗಲೆಲ್ಲ ಎರಡು ಸಲ ಸೀಟಿ ಊದಿ, ಹತ್ತು ದಿನ ಇಷ್ಟೇ. ಆಮೇಲೆ ಹಾರ್ನೆಸ್‌ಗೆ 10 ಮೀಟರ್ ಹತ್ತಿಯ ಹಗ್ಗ ಕಟ್ಟಿ, ಕುರಿಯಿಲ್ಲದ ಹೊತ್ತಿನಲ್ಲಿ ಹೊಲದಲ್ಲಿ ಊದಿ, ಬಂದರೆ ಮೊಟ್ಟೆಯ ಚೂರು ಕೊಟ್ಟು ಮತ್ತೆ ಆಡಲು ಬಿಡಿ. ಕರೆದಾಗಲೆಲ್ಲ ಕಟ್ಟಿಹಾಕಿದರೆ ಯಾವ ಮರಿಯೂ ಬರುವುದಿಲ್ಲ. ಕೊನೆಗೆ ಕುರಿ ದೂರದಲ್ಲಿ ಕಾಣುವ ಜಾಗ. ಹಗ್ಗವನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟಬೇಡಿ, ಓಡುತ್ತಿದ್ದದ್ದು ಫಕ್ಕನೆ ನಿಂತರೆ ಕುತ್ತಿಗೆಗೆ ಪೆಟ್ಟು. ಮುಧೋಳದ ತಲೆ ಸಣ್ಣದು, ಮಾಮೂಲಿ ಬೆಲ್ಟು ಜಾರಿಯೂ ಹೋಗುತ್ತದೆ. ಬೈಕಿನ ಪಕ್ಕ ಓಡಿಸುವ ರೂಢಿಯಿದ್ದರೆ ನಿಲ್ಲಿಸಿ, ಐದು ತಿಂಗಳಿಗೆ ಮೂಳೆ ಇನ್ನೂ ಬಲಿತಿಲ್ಲ. ತಳಿಯ ಬಗ್ಗೆ ಹೆಚ್ಚಿನದು ಬೇಕಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ಪ್ರಶ್ನೆ: ತಟ್ಟೆಯ ಹತ್ತಿರ ಹೋದರೆ ನಮ್ಮ ನಾಯಿ ಗುರ್ ಎನ್ನುತ್ತದೆ. ಯಜಮಾನ ಯಾರೆಂದು ತೋರಿಸಬೇಕು ಎಂದು ಮಾವನವರು ತಟ್ಟೆ ಕಿತ್ತುಕೊಂಡು ಹೊಡೆಯುತ್ತಾರೆ. ಮನೆಯಲ್ಲಿ ಮೂರು ವರ್ಷದ ಮಗುವಿದೆ.
– ಶಿಕ್ಷಕಿ, ಶಿವಮೊಗ್ಗ

ಉತ್ತರ: ಹೊಡೆತ ಇಂದೇ ನಿಲ್ಲಲಿ. ಗುರುಗುಟ್ಟುವುದು ಎಚ್ಚರಿಕೆ. ಹೊಡೆದು ಅದನ್ನು ಅಡಗಿಸಿದರೆ ಮುಂದೆ ಸದ್ದೇ ಮಾಡದೆ ಕಚ್ಚುವ ನಾಯಿ ನಿಮಗೆ ಸಿಗುತ್ತದೆ. ಬಲ ತೋರಿಸಿದವನೇ ಹಿಂಡಿನ ಯಜಮಾನ ಎನ್ನುವ 'ಯಜಮಾನಿಕೆ' ಸಿದ್ಧಾಂತದ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ ಬರೆದದ್ದು. ಆ ಮಾತನ್ನು ಹಿಂದೆ ಜನಪ್ರಿಯಗೊಳಿಸಿದ್ದ ತೋಳ ತಜ್ಞ ಡೇವಿಡ್ ಮೆಕ್ ಅವರೇ, ಕಾಡಿನ ತೋಳದ ಹಿಂಡೆಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು 1999ರಲ್ಲಿ ತಿದ್ದಿ ಬರೆದರು. ಮಾವನವರಿಗೆ ಇದನ್ನು ಓದಿ ಹೇಳಿ.

ಊಟದ ಹೊತ್ತಿಗೆ ನಾಯಿ ಒಂದು ಕೋಣೆಯಲ್ಲಿ, ಮಗು ಬಾಗಿಲಾಚೆ. ಇದರಲ್ಲಿ ರಿಯಾಯಿತಿಯಿಲ್ಲ, ಕೆಳಗಿನ ಅಭ್ಯಾಸವೂ ದೊಡ್ಡವರಿಗೆ ಮಾತ್ರ. ನಾಯಿ ತಿನ್ನುತ್ತಿರುವಾಗ ಏಳೆಂಟು ಅಡಿ ದೂರದಲ್ಲಿ ಹಾದುಹೋಗುತ್ತ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದದ್ದನ್ನು ಅದರತ್ತ ಎಸೆದು ನಿಲ್ಲದೆ ಮುಂದೆ ಹೋಗಿ. ತಟ್ಟೆಯಲ್ಲಿ ಅನ್ನವಿದ್ದರೆ ಎಸೆಯುವುದು ಕೋಳಿಯಾಗಿರಲಿ. ನಿಮ್ಮನ್ನು ಕಂಡು ಮೈ ಸಡಿಲ ಬಿಟ್ಟು ಬಾಲ ಆಡಿಸತೊಡಗಿದ ಮೇಲೆ ಅರ್ಧ ಅಡಿ ಹತ್ತಿರ. ನಿಮ್ಮನ್ನು ಕಂಡು ಗಬಗಬ ತಿನ್ನತೊಡಗಿದರೆ, ತಲೆ ತಟ್ಟೆಯ ಮೇಲೇ ಬಿಗಿದು ನಿಂತರೆ, ಕಣ್ಣಿನ ಬಿಳಿ ಕಂಡರೆ ಹಿಂದೆ ಸರಿಯಿರಿ. ಗುರುಗುಟ್ಟುವುದು ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಹಲ್ಲು, ಕಿವಿ, ಕೀಲುನೋವಿನ ತಪಾಸಣೆ ಮೊದಲು. ಹಲ್ಲು ತಾಗಿ ಚರ್ಮ ತರಚಿದ್ದರೂ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಸಾಕಿದ ನಾಯಿಯಲ್ಲವೇ ಎಂದು ರೇಬೀಸ್ ಲಸಿಕೆ ತಪ್ಪಿಸಬೇಡಿ.

ಪ್ರಶ್ನೆ: ಎರಡು ತಿಂಗಳ ಮರಿ ಕೈ, ಕಾಲು, ಪಂಚೆಯ ಅಂಚು ಎಲ್ಲವನ್ನೂ ಕಚ್ಚುತ್ತದೆ. ಸಂಜೆ ಹೊತ್ತು ಹುಚ್ಚು ಹಿಡಿದಂತೆ ಆಡುತ್ತದೆ.
– ಓದುಗ, ಮಂಗಳೂರು

ಉತ್ತರ: ಸಂಜೆಯ ಹುಚ್ಚಾಟ ಬಹಳ ಸಲ ನಿದ್ದೆಗೇಡು. ಈ ವಯಸ್ಸಿಗೆ ದಿನಕ್ಕೆ 18ರಿಂದ 20 ಗಂಟೆ ನಿದ್ದೆ ಬೇಕು. ಮಕ್ಕಳು ಶಾಲೆಯಿಂದ ಬಂದವರೇ ಎಬ್ಬಿಸಿ ಆಡಿಸುತ್ತಾರೆ. ಒಂದು ಗಂಟೆ ಎಚ್ಚರವಿದ್ದರೆ ಮುಂದಿನದು ಮಲಗುವ ಹೊತ್ತು ಎಂದಿಟ್ಟುಕೊಳ್ಳಿ. ಕಚ್ಚಿದಾಗ ಕೈ ಎಳೆದುಕೊಂಡರೆ ಅದಕ್ಕೆ ಆಟ. ಅಲುಗದೆ ನಿಂತು, ಬಾಯಿಗೆ ಗೊಂಬೆ ಕೊಡಿ. ಒದ್ದೆ ಬಟ್ಟೆಯನ್ನು ಗಂಟು ಹಾಕಿ ಫ್ರೀಜರಿನಲ್ಲಿಟ್ಟು ಕೊಟ್ಟರೂ ಆದೀತು, ನೂಲು ಬಿಚ್ಚಿಕೊಂಡರೆ ತೆಗೆದುಬಿಡಿ. ನಾಲ್ಕನೆಯ ತಿಂಗಳ ಸುಮಾರಿಗೆ 28 ಹಾಲುಹಲ್ಲು ಬೀಳತೊಡಗಿ, ಏಳು ತಿಂಗಳ ಹೊತ್ತಿಗೆ 42 ಹಲ್ಲು ಬಂದಿರುತ್ತವೆ. ನಡುವೆ ಕಚ್ಚಾಟ ಇನ್ನೊಮ್ಮೆ ಏರುತ್ತದೆ, ಆಗ ಗಾಬರಿಯಾಗಬೇಡಿ. ಪಂಚೆಯನ್ನು ಮಾತ್ರ ಅಲ್ಲಿಯವರೆಗೆ ಎತ್ತಿಕಟ್ಟಿಕೊಂಡೇ ಓಡಾಡಿ.