ಒಂದು ಸುರಂಗದ ಸುತ್ತ ಎಷ್ಟು ಬೋರ್‌ವೆಲ್?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಕೃಷಿಕ. ನಮ್ಮ ಮನೆ ಸುರಂಗದಲ್ಲಿ (ನೀರಿಗಾಗಿ ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದದ್ದು) ಮೊದಲೆಲ್ಲ ಮೇ ತಿಂಗಳವರೆಗೂ ನೀರು ಬರುತ್ತಿತ್ತು. ಈಗ ಫೆಬ್ರವರಿಗೇ ನಿಲ್ಲುತ್ತದೆ. ಸುತ್ತ ಬೋರ್‌ವೆಲ್ ಜಾಸ್ತಿ ಆದದ್ದೇ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ನೋಡೇ ಬಿಡೋಣ ಅಂತ ನಾವು ನಾಲ್ಕು ಜನ ಸೇರಿ 64 ಸುರಂಗ, 91 ಬೋರ್‌ವೆಲ್ ಎಲ್ಲೆಲ್ಲಿವೆ ಎಂದು ಫೋನಿನಲ್ಲಿ ಗುರುತು ಮಾಡಿಕೊಂಡಿದ್ದೇವೆ. ಪ್ರತಿ ಸುರಂಗದಿಂದ 300 ಮೀಟರ್ ಒಳಗೆ ಎಷ್ಟು ಬೋರ್‌ವೆಲ್ ಇವೆ ಎಂದು ಎಣಿಸಬೇಕು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಬಫರ್ (ಗುರುತಿನ ಸುತ್ತ ಬೇಕಾದಷ್ಟು ದೂರಕ್ಕೆ ವೃತ್ತ ಎಳೆಯುವ ಸಾಧನ) ತೆರೆದು 300 ಅಂತ ಕೊಟ್ಟೆ, ಪರದೆ ಪೂರ್ತಿ ಒಂದೇ ಬಣ್ಣ ಬಂತು. ಏನು ತಪ್ಪಾಯಿತು?

ಉತ್ತರ: ನೀವು ಕೊಟ್ಟದ್ದು 300 ಮೀಟರ್ ಆಗಲಿಲ್ಲ, 300 ಡಿಗ್ರಿ ಆಯಿತು. ಫೋನು ಕೊಡುವುದು ಅಕ್ಷಾಂಶ, ರೇಖಾಂಶ. ಎರಡೂ ಡಿಗ್ರಿ ಲೆಕ್ಕ. ಭೂಮಿಯ ಸುತ್ತೇ 360 ಡಿಗ್ರಿ, ಹಾಗಿರುವಾಗ ಒಂದೊಂದು ಸುರಂಗದ ಸುತ್ತಲೂ ಇಡೀ ಭೂಪಟವನ್ನೇ ಮುಚ್ಚುವಷ್ಟು ದೊಡ್ಡ ವೃತ್ತ ಬಂದು ಕೂತಿತು. ಅಳತೆ ತುಂಬುವ ಜಾಗದ ಪಕ್ಕದಲ್ಲೇ ‘ಡಿಗ್ರೀಸ್’ ಎಂದು ಬರೆದಿರುತ್ತದೆ. ಇನ್ನೊಮ್ಮೆ ತೆರೆದು ನೋಡಿ.

ಮೊದಲು ಸುರಂಗದ ಲೇಯರ್ (ಅಂದರೆ ಆ ಗುರುತುಗಳ ಪದರ), ಬೋರ್‌ವೆಲ್ ಲೇಯರ್ ಎರಡನ್ನೂ ಮೀಟರ್ ಲೆಕ್ಕಕ್ಕೆ ತರಬೇಕು. ‘ವೆಕ್ಟರ್’ ಮೆನು, ಅದರೊಳಗೆ ‘ಡೇಟಾ ಮ್ಯಾನೇಜ್‌ಮೆಂಟ್ ಟೂಲ್ಸ್’, ಅದರೊಳಗೆ ‘ರೀಪ್ರಾಜೆಕ್ಟ್ ಲೇಯರ್’. ನಮ್ಮ ಕಡೆಗೆ ಬೇಕಾದ್ದು ಯುಟಿಎಂ ವಲಯ 43 ಉತ್ತರ. ಯುಟಿಎಂ ಎಂದರೆ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಕ್ರಮ. ಹುಡುಕುವಲ್ಲಿ 32643 ಎಂದು ಹೊಡೆದರೆ ಬರುತ್ತದೆ. ಈ ವಲಯ 72 ಡಿಗ್ರಿಯಿಂದ 78 ಡಿಗ್ರಿ ಪೂರ್ವದವರೆಗೆ ಇದೆ. ಅದರ ನಡುಗೆರೆ 75 ಡಿಗ್ರಿ, ಅದು ಹಾದುಹೋಗುವುದು ನಮ್ಮ ಕಾಸರಗೋಡು ಪೇಟೆಯ ಹತ್ತಿರವೇ. ಹಾಗಾಗಿ ನಮಗೆ ಇದು ಹೇಳಿ ಮಾಡಿಸಿದ ಅಳತೆ. 300 ಮೀಟರಿಗೆ ವ್ಯತ್ಯಾಸ ಬರುವುದು ಬರೀ 12 ಸೆಂಟಿಮೀಟರ್.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ ‘ಸೆಟ್ ಲೇಯರ್ ಸಿಆರ್‌ಎಸ್’ ಎಂದು ಕೊಟ್ಟರೆ ಅಳತೆ ಬದಲಾಗುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ, 75.1 ಎಂಬ ಡಿಗ್ರಿಯನ್ನೇ 75.1 ಮೀಟರ್ ಅಂತ ಓದಿಕೊಳ್ಳುತ್ತದೆ, ನಿಮ್ಮ 64 ಸುರಂಗಗಳೂ ಸಮುದ್ರದಲ್ಲಿ ಒಂದೇ ಚುಕ್ಕೆಯಾಗಿ ಬೀಳುತ್ತವೆ. ಇನ್ನೊಂದು 3857. ಆನ್‌ಲೈನ್ ನಕ್ಷೆಯನ್ನು ಹಿನ್ನೆಲೆಗೆ ಹಾಕಿದಾಗ ಬರುವ ಅಳತೆ ಅದು. ಅದರಲ್ಲೂ ಮೀಟರ್ ಅಂತಲೇ ಕಾಣುತ್ತದೆ, ಆದರೆ ನಮ್ಮ ಅಕ್ಷಾಂಶದಲ್ಲಿ ಅಲ್ಲಿನ 300 ಅಂದರೆ ನೆಲದ ಮೇಲೆ ಸುಮಾರು 293. ಎಣಿಕೆಗೆ ಅದು ಬೇಡ.

ಈಗ ಬಫರ್. ‘ಜಿಯೋಪ್ರೊಸೆಸಿಂಗ್ ಟೂಲ್ಸ್’ ಒಳಗಿದೆ. ದೂರ 300. ‘ಡಿಸಾಲ್ವ್’ ಚೌಕಕ್ಕೆ ಗುರುತು ಹಾಕಬೇಡಿ, ಹಾಕಿದರೆ ಎಲ್ಲ ವೃತ್ತಗಳೂ ಅಂಟಿಕೊಂಡು ಒಂದೇ ಆಗುತ್ತವೆ, ಯಾವ ಸುರಂಗಕ್ಕೆ ಎಷ್ಟು ಅಂತ ಮತ್ತೆ ಹೇಳಲಾಗದು. ‘ಸೆಗ್‌ಮೆಂಟ್ಸ್’ ಎಂಬಲ್ಲಿ 5 ಎಂದು ಇರುತ್ತದೆ, ಅದನ್ನು 25 ಮಾಡಿ. ಯಾಕೆಂದರೆ ಕಂಪ್ಯೂಟರ್ ನಿಜವಾದ ವೃತ್ತ ಎಳೆಯುವುದಿಲ್ಲ, ಕಾಲುವೃತ್ತಕ್ಕೆ 5 ನೇರ ಗೆರೆ, ಒಟ್ಟು 20 ಮೂಲೆಯ ಆಕೃತಿ ಎಳೆಯುತ್ತದೆ. ಎರಡು ಮೂಲೆಗಳ ನಡುವೆ ಅದು 296 ಮೀಟರಿಗೇ ಒಳಕ್ಕೆ ಬಂದಿರುತ್ತದೆ. 298ರಲ್ಲಿರುವ ಬೋರ್‌ವೆಲ್ ಅಲ್ಲಿ ತಪ್ಪಿಹೋಗಬಹುದು. 25 ಕೊಟ್ಟರೆ ಆ ಕೊರತೆ 15 ಸೆಂಟಿಮೀಟರಿಗೆ ಇಳಿಯುತ್ತದೆ.

ಆಮೇಲೆ ‘ಅನಾಲಿಸಿಸ್ ಟೂಲ್ಸ್’ ಒಳಗೆ ‘ಕೌಂಟ್ ಪಾಯಿಂಟ್ಸ್ ಇನ್ ಪಾಲಿಗನ್’. ಪಾಲಿಗನ್ ಅಂದಲ್ಲಿ ಬಫರ್, ಪಾಯಿಂಟ್ಸ್ ಅಂದಲ್ಲಿ ಬೋರ್‌ವೆಲ್. ಹೊಸ ಲೇಯರಿನ ಪಟ್ಟಿಯಲ್ಲಿ ‘ನಂಪಾಯಿಂಟ್ಸ್’ ಎಂಬ ಕಾಲಂ ಬರುತ್ತದೆ. ಪ್ರತಿ ಸುರಂಗದ ಎದುರು ಒಂದು ಸಂಖ್ಯೆ, ಯಾವುದೂ ಇಲ್ಲದಿದ್ದರೆ ಸೊನ್ನೆ. ನೀವು ಕೇಳಿದ್ದು ಇಷ್ಟೇ, ಹತ್ತು ನಿಮಿಷದ ಕೆಲಸ.

ಆದರೆ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಈ ಸಂಖ್ಯೆ ಇನ್ನೂ ಉತ್ತರ ಅಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀವು ಗುರುತು ಮಾಡಿದ್ದು ಸುರಂಗದ ಬಾಯಿ. ಕಂಗಿನ ದಂಬೆಗೆ (ಅಡಕೆ ಮರ ಸೀಳಿ ಮಾಡಿದ ನೀರಿನ ದೋಣಿಗೆ) ನೀರು ಬೀಳುವ ಜಾಗದಲ್ಲಿ ನಿಂತು ಫೋನ್ ಒತ್ತಿದ್ದೀರಿ, ಅಲ್ವಾ? ನೀರು ಹುಟ್ಟುವುದು ಅಲ್ಲಲ್ಲ. ಮುರಕಲ್ಲನ್ನು (ಕೆಂಪು ಜಂಬಿಟ್ಟಿಗೆ ಕಲ್ಲನ್ನು) ಅಡ್ಡಕ್ಕೆ ಕೊರೆಯುತ್ತಾ ಗುಡ್ಡೆಯ ಹೊಟ್ಟೆಯೊಳಗೆ ಹೋಗಿ, ಒಸರು ಸಿಕ್ಕ ಕಡೆ ನಿಲ್ಲಿಸಿರುತ್ತಾರೆ. ನೂರು ಮೀಟರಿಗಿಂತ ಉದ್ದದ ಸುರಂಗಗಳೂ ನಮ್ಮಲ್ಲಿವೆ. ಅಂಥದ್ದರ ಬಾಯಿಯಿಂದ 350 ಮೀಟರ್ ದೂರದಲ್ಲಿ, ಗುಡ್ಡೆಯ ಮೇಲೆ ಇರುವ ಬೋರ್‌ವೆಲ್ ನಿಮ್ಮ ಎಣಿಕೆಯಲ್ಲಿ ಸಿಗುವುದಿಲ್ಲ. ಒಸರಿನಿಂದ ಅದು 250 ಮೀಟರ್ ದೂರ ಮಾತ್ರ ಇರಬಹುದು. ಅದೇ ಹೊತ್ತಿಗೆ ಕೆಳಗೆ ತೋಟದಂಚಿನಲ್ಲಿರುವ, ಸುರಂಗಕ್ಕೂ ತನಗೂ ಸಂಬಂಧವೇ ಇಲ್ಲದ ಬೋರ್‌ವೆಲ್ ಲೆಕ್ಕಕ್ಕೆ ಬಂದುಬಿಡುತ್ತದೆ.

ಹಾಗಾಗಿ ಸುರಂಗವನ್ನು ಚುಕ್ಕೆಯಾಗಿ ಅಲ್ಲ, ಗೆರೆಯಾಗಿ ಎಳೆಯಿರಿ. ಬಾಯಿಯಲ್ಲಿ ನಿಂತು ಸುರಂಗ ಯಾವ ದಿಕ್ಕಿಗೆ ಹೋಗಿದೆ ಎಂದು ಫೋನಿನ ದಿಕ್ಸೂಚಿಯಲ್ಲಿ ನೋಡಿ. ಉದ್ದವನ್ನು ಅಗೆದವರನ್ನೇ ಕೇಳಿ. ಅವರು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಕೋಲು ಎಂದರೆ ಸಾಮಾನ್ಯವಾಗಿ ಎರಡೂವರೆ ಅಡಿ, ಆದರೂ ಅವರ ಕೋಲು ಎಷ್ಟು ಅಂತ ಒಮ್ಮೆ ಕೇಳಿಬಿಡಿ. 40 ಕೋಲು ಅಂದರೆ 100 ಅಡಿ, ಸುಮಾರು 30 ಮೀಟರ್. ಉದ್ದ ಅಳೆಯಲಿಕ್ಕೆ ಅಂತ ಹಳೇ ಸುರಂಗದೊಳಗೆ ಒಬ್ಬರೇ ಹೋಗಬೇಡಿ, ಒಳಗೆ ಗಾಳಿ ಕಡಿಮೆ ಇರುತ್ತದೆ, ಮಳೆಗಾಲ ಮುಗಿದ ಹೊಸತರಲ್ಲಿ ಕುಸಿಯುವ ಭಯವೂ ಇದೆ. ಬಫರ್ ಗೆರೆಗೂ ಆಗುತ್ತದೆ, ಗೆರೆಯ ಎರಡು ಬದಿಗೂ 300 ಮೀಟರ್ ಹರಡಿ ಉದ್ದನೆಯ ಆಕೃತಿ ಬರುತ್ತದೆ. ಎಣಿಸುವ ಕ್ರಮ ಮೊದಲಿನದೇ.

ಫೋನಿನ ಗುರುತನ್ನೂ ಸ್ವಲ್ಪ ಅನುಮಾನದಿಂದ ನೋಡಬೇಕು. ಬಯಲಿನಲ್ಲಿ ಅದು ಸುಮಾರು 5 ಮೀಟರ್ ಒಳಗೆ ಸರಿ ತೋರಿಸುತ್ತದೆ. ಕಂಗಿನ ತೋಟದೊಳಗೆ, ಗುಡ್ಡೆಯ ಮಗ್ಗುಲಲ್ಲಿ ಅದಕ್ಕಿಂತ ಜಾಸ್ತಿ ತಪ್ಪುತ್ತದೆ. ಹಾಗಾಗಿ 300 ಒಂದನ್ನೇ ಹಿಡಿದು ಕೂರಬೇಡಿ. 250, 300, 350 ಮೂರಕ್ಕೂ ಎಣಿಸಿ. ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು.

ಇನ್ನು ವರ್ಷ. ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಸುರಂಗ ಬತ್ತಲು ಶುರುವಾದದ್ದು 2012ರಲ್ಲಿ ಎಂದಿಟ್ಟುಕೊಳ್ಳಿ. 2018ರಲ್ಲಿ ಕೊರೆದ ಬೋರ್‌ವೆಲ್ ಅದಕ್ಕೆ ಕಾರಣ ಆಗುವುದು ಹೇಗೆ? ಎಷ್ಟೋ ಕಡೆ ಸುರಂಗ ಬತ್ತಿದ ಮೇಲೇ ಜನ ಬೇರೆ ದಾರಿ ಕಾಣದೆ ಬೋರ್‌ವೆಲ್ ಕೊರೆಸಿದ್ದಾರೆ. ಅದನ್ನೂ ಎಣಿಸಿದರೆ ಬತ್ತಿದ ಸುರಂಗಗಳ ಸುತ್ತಲೇ ಬೋರ್‌ವೆಲ್ ಜಾಸ್ತಿ ಕಾಣುತ್ತದೆ, ಆದರೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ತಿರುಗಿಬಿಡುತ್ತದೆ. ಬೋರ್‌ವೆಲ್ ಪಟ್ಟಿಗೆ ಕೊರೆಸಿದ ವರ್ಷ, ಆಳ, ಎರಡು ಕಾಲಂ ಸೇರಿಸಿ. ಸುರಂಗದ ಪಟ್ಟಿಗೆ ನೀರು ಕಡಿಮೆಯಾದ ವರ್ಷ, ಈಗ ಯಾವ ತಿಂಗಳವರೆಗೆ ನೀರು ಬರುತ್ತದೆ ಎನ್ನುವುದು.

ಈ ವರ್ಷದ ಲೆಕ್ಕಕ್ಕೆ ಬಫರ್‌ಗಿಂತ ‘ಡಿಸ್ಟನ್ಸ್ ಮ್ಯಾಟ್ರಿಕ್ಸ್’ ಒಳ್ಳೆಯದು. ಅದೂ ‘ಅನಾಲಿಸಿಸ್ ಟೂಲ್ಸ್’ ಒಳಗಿದೆ. ಈ ಸುರಂಗದಿಂದ ಆ ಬೋರ್‌ವೆಲ್‌ಗೆ ಇಷ್ಟು ಮೀಟರ್ ಅಂತ ಜೋಡಿ ಜೋಡಿಯಾಗಿ ಪಟ್ಟಿ ಕೊಡುತ್ತದೆ. ಅದಕ್ಕೆ ಚುಕ್ಕೆಯೇ ಬೇಕು, ಗೆರೆ ಆಗುವುದಿಲ್ಲ, ಆದ್ದರಿಂದ ಸುರಂಗದ ಒಳತುದಿಯ ಚುಕ್ಕೆ ಕೊಡಿ. 64 ಮತ್ತು 91 ಗುಣಿಸಿದರೆ 5,824 ಸಾಲು, ಯಾವ ಕಂಪ್ಯೂಟರಿಗೂ ಅದು ಭಾರ ಅಲ್ಲ. ಎರಡೂ ವರ್ಷಗಳನ್ನು ಪಕ್ಕದಲ್ಲಿ ಸೇರಿಸಿಕೊಂಡು, ದೂರ 300ರ ಒಳಗೆ ಇರುವ, ಸುರಂಗ ಬತ್ತುವುದಕ್ಕಿಂತ ಮೊದಲೇ ಕೊರೆದ ಸಾಲುಗಳನ್ನು ಮಾತ್ರ ಉಳಿಸಿ ಎಣಿಸಿ. ಒಂದು ಜಾಗ್ರತೆ: ಹೀಗೆ ಸೋಸಿದಾಗ ಹತ್ತಿರ ಒಂದೂ ಬೋರ್‌ವೆಲ್ ಇಲ್ಲದ ಸುರಂಗಗಳು ಪಟ್ಟಿಯಿಂದಲೇ ಮಾಯವಾಗುತ್ತವೆ. ಅವಕ್ಕೆ ಸೊನ್ನೆ ಹಾಕಿ ವಾಪಸು ಸೇರಿಸಿ. ಇವತ್ತಿಗೂ ಮೇ ತಿಂಗಳವರೆಗೆ ನೀರು ಕೊಡುವ ಸುರಂಗಗಳನ್ನು ಅಂತೂ ಬಿಡಲೇಬೇಡಿ. ಬತ್ತಿದ್ದು, ಬತ್ತದ್ದು ಎರಡನ್ನೂ ಎದುರುಬದುರು ಇಟ್ಟರೆ ಮಾತ್ರ ಸಂಖ್ಯೆಗೆ ಅರ್ಥ ಬರುತ್ತದೆ.

ಹಾಗೆ ನೋಡಿಯೂ ವ್ಯತ್ಯಾಸ ಕಾಣದಿದ್ದರೆ ಬೇಜಾರು ಬೇಡ. ಸುರಂಗದ ನೀರು ಮುರಕಲ್ಲು ಮತ್ತು ಅದರ ಅಡಿಯ ಶೇಡಿಮಣ್ಣಿನ ನಡುವಿನಿಂದ ಬರುವಂಥದ್ದು. ಬೋರ್‌ವೆಲ್ ಎಳೆಯುವುದು ಅದಕ್ಕಿಂತ ತುಂಬ ಕೆಳಗಿನ ಕರಿಕಲ್ಲಿನ ಬಿರುಕಿನಿಂದ. ಕೆಲವು ಕಡೆ ಎರಡಕ್ಕೂ ಸಂಪರ್ಕ ಇರುತ್ತದೆ, ಕೆಲವು ಕಡೆ ಇಲ್ಲ. ಗುಡ್ಡೆಯ ನೆತ್ತಿಯಲ್ಲಿ ಕಾಡು ಹೋಗಿ ಮಣ್ಣು ಗಟ್ಟಿಯಾದದ್ದು, ಮುರಕಲ್ಲು ಕಡಿದು ಮಾರಿದ್ದು, ಇವೂ ಸುರಂಗದ ನೀರನ್ನು ಕಡಿಮೆ ಮಾಡುತ್ತವೆ. ಕಲ್ಲು ಕಡಿದ ಪಣೆಗಳನ್ನೂ ಗುರುತು ಮಾಡಿ ಇದೇ ರೀತಿ ಎಣಿಸಿ ನೋಡಿ ಎಂದು ನಾನು ಹೇಳುತ್ತೇನೆ.

ಕೊನೆಗೆ ಗಡಿಯ ವಿಷಯ. ನಿಮ್ಮ ಎಣ್ಮಕಜೆ ಪಂಚಾಯತಿನ ಪೂರ್ವದಂಚು ಕರ್ನಾಟಕಕ್ಕೆ ತಾಗಿದೆ. ಸಾರಡ್ಕದ ಹತ್ತಿರದ ಸುರಂಗಕ್ಕೆ 300 ಮೀಟರಿನ ವೃತ್ತ ಎಳೆದರೆ ಅರ್ಧ ವೃತ್ತ ಆಚೆ ರಾಜ್ಯದಲ್ಲಿರಬಹುದು. ಆಚೆಯ ಬೋರ್‌ವೆಲ್ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿ ಸುಮ್ನೆ ಸೊನ್ನೆ, ಒಂದು ಅಂತ ಬರುತ್ತದೆ. ಒಂದೋ ಗಡಿ ದಾಟಿ 300 ಮೀಟರ್ ಒಳಗಿನ ಮನೆಗಳಿಗೂ ಹೋಗಿ ಕೇಳಿ ಬನ್ನಿ, ಇಲ್ಲವಾದರೆ ಅಂಚಿನ ಸುರಂಗಗಳನ್ನು ಈ ಲೆಕ್ಕದಿಂದ ಹೊರಗಿಡಿ. ಪಂಚಾಯತಿನ ಉಳಿದ ಅಂಚುಗಳಿಗೂ ಇದೇ ಮಾತು. ಮತ್ತೆ, ಗ್ರಾಮಸಭೆಯಲ್ಲಿ ನಕ್ಷೆ ತೋರಿಸುವಾಗ ಬೋರ್‌ವೆಲ್ ಯಾರದ್ದು ಎಂಬ ಹೆಸರು ಬೇಡ. ನಿಮಗೆ ಬೇಕಾದ್ದು ನೀರು, ನೆರೆಮನೆಯವರ ಜೊತೆ ಜಗಳ ಅಲ್ಲ.

ಪ್ರಶ್ನೆ: ನಮ್ಮಲ್ಲಿ ಹಳೇ ಲ್ಯಾಪ್‌ಟಾಪ್ ಇರುವುದು, ಕ್ಯೂಜಿಐಎಸ್ ಓಡುವುದಿಲ್ಲ. ಎಕ್ಸೆಲ್‌ನಲ್ಲೇ ದೂರ ಲೆಕ್ಕ ಹಾಕಬಹುದಾ? (ಬದಿಯಡ್ಕದಿಂದ)

ಉತ್ತರ: ಧಾರಾಳವಾಗಿ. ಜಾಗ ಸಣ್ಣದಾದರೆ ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಸೂತ್ರವೇ ಸಾಕು. ನಮ್ಮ ಅಕ್ಷಾಂಶದಲ್ಲಿ, ಅಂದರೆ 12.6 ಡಿಗ್ರಿಯ ಆಸುಪಾಸಿನಲ್ಲಿ, ಉತ್ತರ ದಕ್ಷಿಣಕ್ಕೆ ಒಂದು ಡಿಗ್ರಿ ಎಂದರೆ 1,10,630 ಮೀಟರ್, ಪೂರ್ವ ಪಶ್ಚಿಮಕ್ಕೆ 1,08,650 ಮೀಟರ್. ಎರಡು ಜಾಗಗಳ ಅಕ್ಷಾಂಶದ ವ್ಯತ್ಯಾಸವನ್ನು ಮೊದಲನೆಯದರಿಂದ, ರೇಖಾಂಶದ ವ್ಯತ್ಯಾಸವನ್ನು ಎರಡನೆಯದರಿಂದ ಗುಣಿಸಿ, ಎರಡನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದದ್ದೇ ಮೀಟರ್. ದಶಮಾಂಶದ ನಂತರ ಐದು ಅಂಕಿ ಆದರೂ ಇರಲಿ, ಐದನೇ ಅಂಕಿ ಎಂದರೆ ಒಂದು ಮೀಟರ್. ಮೂರೇ ಅಂಕಿ ಬರೆದುಕೊಂಡಿದ್ದರೆ ನೂರು ಮೀಟರಿನಷ್ಟು ಒರಟು ಲೆಕ್ಕ ಆಗುತ್ತದೆ, 300ರ ಎಣಿಕೆಗೆ ಅದು ಆಗದು. 12 ಅಕ್ಷಾಂಶ, 75 ರೇಖಾಂಶ, ಇದನ್ನು ಅದಲು ಬದಲು ಮಾಡಬೇಡಿ. ನಕ್ಷೆಗೆ ಹಾಕಿದಾಗ ನಿಮ್ಮ ಬಾವಿ ನಾರ್ವೆಗಿಂತಲೂ ಉತ್ತರದ ಸಮುದ್ರದಲ್ಲಿ ಕಂಡರೆ ತಪ್ಪು ಆದದ್ದು ಅಲ್ಲೇ.

ಪ್ರಶ್ನೆ: ನಮ್ಮ ಕಡೆ ಪ್ರತಿ ಮನೆಯಿಂದ 1 ಕಿಲೋಮೀಟರ್ ಒಳಗೆ ಎಷ್ಟು ಕನ್ನಡ ಮಾಧ್ಯಮದ ಶಾಲೆ ಇದೆ ಎಂದು ಎಣಿಸಿದೆ. ನಕ್ಷೆಯಲ್ಲಿ ಎಲ್ಲ ಮನೆಗೂ ಒಂದಾದರೂ ಸಿಗುತ್ತದೆ. ಆದರೆ ಮಕ್ಕಳು ನಡೆಯುವುದು ಅದಕ್ಕಿಂತ ತುಂಬ ದೂರ. (ಶಿರಿಯಾ ಹೊಳೆಯ ಬದಿಯಿಂದ, ಒಬ್ಬ ಅಧ್ಯಾಪಕಿ)

ಉತ್ತರ: ಟೀಚರ್, ಬಫರ್ ಅಳೆಯುವುದು ಕಾಗೆ ಹಾರುವ ದೂರ. ಹೊಳೆ ಅದರ ಕಣ್ಣಿಗೆ ಬೀಳುವುದಿಲ್ಲ. ಆಚೆ ದಡದ ಶಾಲೆ ನೇರಕ್ಕೆ 700 ಮೀಟರ್ ಇದ್ದರೂ ಸೇತುವೆ ಸುತ್ತಿ ಹೋಗುವಾಗ ನಾಲ್ಕು ಕಿಲೋಮೀಟರ್ ಆಗಬಹುದು.

ನಿಮಗೆ ಬೇಕಾದ್ದು ದಾರಿಯ ದೂರ. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆಗಳ ಲೇಯರ್ ಇಳಿಸಿಕೊಳ್ಳಿ, ಅದನ್ನೂ 32643ಕ್ಕೆ ತನ್ನಿ. ಟೂಲ್‌ಬಾಕ್ಸ್‌ನಲ್ಲಿ ‘ನೆಟ್‌ವರ್ಕ್ ಅನಾಲಿಸಿಸ್’ ಒಳಗೆ ‘ಸರ್ವಿಸ್ ಏರಿಯಾ ಫ್ರಮ್ ಲೇಯರ್’ ಎಂದಿದೆ. ಶಾಲೆಗಳ ಚುಕ್ಕೆ ಕೊಟ್ಟು 1000 ಎಂದು ಹಾಕಿದರೆ, ಪ್ರತಿ ಶಾಲೆಯಿಂದ ಒಂದು ಕಿಲೋಮೀಟರ್ ನಡೆದು ತಲುಪಬಹುದಾದ ದಾರಿಗಳು ಗೆರೆಯಾಗಿ ಬರುತ್ತವೆ. ಆ ಗೆರೆಗಳಿಗೆ 50 ಮೀಟರಿನ ಬಫರ್ ಹಾಕಿ ಅದರೊಳಗೆ ಬೀಳುವ ಮನೆಗಳನ್ನು ಎಣಿಸಿ. ಹೊರಗೆ ಉಳಿದ ಮನೆಗಳೇ ನೀವು ಹುಡುಕುತ್ತಿರುವುದು.

ಮೊದಲು ಒಂದು ಕೆಲಸ ಮಾಡಬೇಕು. ನಮ್ಮ ಕಡೆಯ ಕಾಲುದಾರಿ, ತೋಟದ ನಡುವಿನ ಓಣಿ, ಸಂಕ (ಸಣ್ಣ ಕಾಲುಸೇತುವೆ) ಇವೆಲ್ಲ ಆ ನಕ್ಷೆಯಲ್ಲಿ ಎಷ್ಟೋ ಕಡೆ ಇಲ್ಲ. ನಿಮ್ಮ ಮಕ್ಕಳನ್ನೇ ಕೇಳಿ ಅವನ್ನು ಎಳೆದು ಸೇರಿಸಿ, ಅವರಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಗೆರೆಯ ತುದಿ ರಸ್ತೆಗೆ ಸರಿಯಾಗಿ ಕೂಡಿರಬೇಕು, ಸ್ವಲ್ಪ ಬಿಟ್ಟುಹೋದರೂ ಕಂಪ್ಯೂಟರಿಗೆ ಅಲ್ಲಿ ದಾರಿಯೇ ಇಲ್ಲ.

ಇದನ್ನು ಎರಡು ಸಲ ಎಣಿಸಿ. ಒಮ್ಮೆ ಎಲ್ಲ ದಾರಿಗಳನ್ನೂ ಇಟ್ಟುಕೊಂಡು. ಇನ್ನೊಮ್ಮೆ ಮಳೆಗಾಲದಲ್ಲಿ ನೀರಿಗೆ ಹೋಗುವ ಸಂಕಗಳ ಗೆರೆಗಳನ್ನು ಅಳಿಸಿ. ಶಾಲೆ ಶುರುವಾಗುವುದೇ ಜೂನ್‌ನಲ್ಲಿ. ಅರ್ಜಿ ಬರೆಯುವುದಾದರೆ ಆ ಎರಡನೇ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಬರೆಯಿರಿ.