ಓದುಗರ ಪ್ರಶ್ನೆಗೆ ಉತ್ತರ: ಹಬ್ಬದ ಎಲೆಯ ಮುಂದೆ ಪ್ರಾರ್ಥನೆ

ಪ್ರಶ್ನೆ: ನಮ್ಮ ಪಕ್ಕದ ಮನೆಯ ಕ್ರೈಸ್ತ ಕುಟುಂಬದವರು ಪ್ರತಿವರ್ಷ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದ, ಅಂದರೆ ಮರಿಯಮ್ಮನ ಜನ್ಮದಿನ ಹಾಗೂ ಹೊಸ ಬೆಳೆಯ ಹಬ್ಬದ, ಊಟಕ್ಕೆ ನಮ್ಮನ್ನು ಕರೆಯುತ್ತಾರೆ. ಎಲೆಗೆ ಬಡಿಸಿದ ಮೇಲೆ ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ಆಗ ಕೈ ಮುಗಿದರೆ ನಟನೆಯಾದೀತೇ, ಸುಮ್ಮನಿದ್ದರೆ ಅಗೌರವವಾದೀತೇ ಎಂದು ಪ್ರತಿಸಲವೂ ಗೊಂದಲವಾಗುತ್ತದೆ. ಪ್ರಾರ್ಥನೆಯ ನಂತರ ಆ ಊಟ ನಮ್ಮಲ್ಲಿನ ಪ್ರಸಾದದಂತೆ ಆಗುತ್ತದೆಯೇ ಎಂಬುದನ್ನೂ ತಿಳಿಸಬೇಕು.
– ಓದುಗರೊಬ್ಬರು, ಕಟಪಾಡಿ

ಉತ್ತರ: ಮನೆಯವರು ಎದ್ದಾಗ ನೀವೂ ಎದ್ದು, ಅವರು ಮುಗಿಸುವವರೆಗೆ ಮೌನವಾಗಿ ನಿಂತರೆ ಸಾಕು. ಶಿಲುಬೆಯ ಗುರುತು ಹಾಕಬೇಕಿಲ್ಲ, ತುಟಿಯಾಡಿಸಬೇಕಿಲ್ಲ. ಉಡುಪಿ ಸೀಮೆಯ ಬ್ರಾಹ್ಮಣರ ಮನೆಯ ಪಂಕ್ತಿಯಲ್ಲಿ ಕುಳಿತ ಬೇರೆಯವರು ಮಂತ್ರ ಹೇಳಿ ಎಲೆಯ ಸುತ್ತ ನೀರು ಬಿಡುವ ಪರಿಷೇಚನೆ ಮಾಡುವುದಿಲ್ಲ. ಆದರೆ ಅದು ಮುಗಿಯುವವರೆಗೆ ಎಲೆಗೆ ಕೈ ಹಾಕುವುದೂ ಇಲ್ಲ. ಆ ಕಾಯುವಿಕೆಯನ್ನು ಯಾರೂ ನಟನೆ ಎನ್ನುವುದಿಲ್ಲ. ಕೊನೆಯಲ್ಲಿ ಎಲ್ಲರೂ ಹೇಳುವ ‘ಆಮೆನ್’ ಹೀಬ್ರೂ ಮೂಲದ ಮಾತು. ನಮ್ಮ ‘ತಥಾಸ್ತು’ವಿಗೆ ಬಹಳ ಹತ್ತಿರದ್ದು. ಅದನ್ನು ಹೇಳುವುದು ಬಿಡುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು.

ನಿಮ್ಮ ಸಂಕೋಚಕ್ಕೆ ಉತ್ತರ ಕೊಡಬಲ್ಲ ಒಂದು ಪ್ರಸಂಗ ಬೈಬಲಿನಲ್ಲೇ ಇದೆ. ಕೈದಿಯಾಗಿ ರೋಮಿಗೆ ಹೋಗುತ್ತಿದ್ದ ಕ್ರೈಸ್ತ ಧರ್ಮಪ್ರಚಾರಕ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿ ಹದಿನಾಲ್ಕು ದಿನ ದಿಕ್ಕುಗೆಟ್ಟು ತೇಲಿದ ಕಥೆಯನ್ನು ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 27ನೇ ಅಧ್ಯಾಯ ಹೇಳುತ್ತದೆ. ಆಷಾಢದ ಕಡಲನ್ನು ಕಂಡ ನಮ್ಮ ಮಲ್ಪೆ, ಕಾಪುವಿನವರಿಗೆ ಆ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಹೊತ್ತಿಗೆ ಪೌಲನು, ಭಯದಿಂದ ಊಟ ಬಿಟ್ಟಿದ್ದ ನಾವಿಕರಿಗೂ ಸೈನಿಕರಿಗೂ ಕೈದಿಗಳಿಗೂ ಏನಾದರೂ ತಿನ್ನಿರೆಂದು ಹೇಳಿ, ತಾನು ರೊಟ್ಟಿಯನ್ನು ತೆಗೆದುಕೊಂಡು ಎಲ್ಲರ ಎದುರಿನಲ್ಲಿ ದೇವರಿಗೆ ಕೃತಜ್ಞತೆ ಸಲ್ಲಿಸಿ, ಮುರಿದು ತಿನ್ನಲಾರಂಭಿಸಿದನು. ಹಡಗಿನಲ್ಲಿದ್ದವರು 276 ಮಂದಿ. ಅವರಲ್ಲಿ ಪೌಲನ ದೇವರನ್ನು ನಂಬುತ್ತಿದ್ದವರು ಬೆರಳೆಣಿಕೆಯಷ್ಟಿರಬೇಕು. ಅವನು ಯಾರನ್ನೂ ತನ್ನೊಂದಿಗೆ ಪ್ರಾರ್ಥಿಸಿರೆಂದು ಕೇಳಲಿಲ್ಲ, ಪ್ರಾರ್ಥನೆಯನ್ನು ಮರೆಮಾಡಲೂ ಇಲ್ಲ. ಎಲ್ಲರೂ ಧೈರ್ಯ ತಂದುಕೊಂಡು ಉಂಡರು. ಪಕ್ಕದ ಮನೆಯ ಪಂಕ್ತಿಯಲ್ಲಿ ನೀವು ಆ ಹಡಗಿನ ಸಹಪ್ರಯಾಣಿಕರ ಹಾಗೆ ಎಂದುಕೊಳ್ಳಿ.

ಇನ್ನು ಪ್ರಸಾದದ ಮಾತು. ನಮ್ಮಲ್ಲಿ ಪ್ರಸಾದವೆಂದರೆ ದೇವರಿಗೆ ಅರ್ಪಿಸಿ ಮರಳಿ ಪಡೆದದ್ದು. ಕ್ರೈಸ್ತರ ಮನೆಯ ಊಟದಲ್ಲಿ ಅಂಥ ಅರ್ಪಣೆ ನಡೆಯುವುದಿಲ್ಲ. ಶತಮಾನಗಳಷ್ಟು ಹಳೆಯ ಲ್ಯಾಟಿನ್ ಪ್ರಾರ್ಥನೆಯೊಂದು ಇಂದಿಗೂ ಕಥೋಲಿಕರ ಮನೆಗಳಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಬಳಕೆಯಲ್ಲಿದೆ. ಅದರ ತಾತ್ಪರ್ಯವಿಷ್ಟು: ‘ಸ್ವಾಮೀ, ನಮ್ಮನ್ನೂ ನಿಮ್ಮ ಔದಾರ್ಯದಿಂದ ನಾವು ಪಡೆಯಲಿರುವ ಈ ಕೊಡುಗೆಗಳನ್ನೂ ಹರಸಿರಿ.’ ಇಲ್ಲಿ ಮಾತುಗಳ ಅನುಕ್ರಮವನ್ನು ಗಮನಿಸಬೇಕು. ಉಣ್ಣುವವರು ಮೊದಲು, ಅಡುಗೆ ಆಮೇಲೆ. ಅನ್ನ ಅಶುದ್ಧವಾಗಿತ್ತು, ಪ್ರಾರ್ಥನೆಯಿಂದ ಶುದ್ಧವಾಯಿತು ಎಂಬ ಭಾವ ಅದರಲ್ಲಿಲ್ಲ. ಯೇಸು ಬೆಳೆದ ಯೆಹೂದ್ಯ ಮನೆತನಗಳಲ್ಲಂತೂ ರೊಟ್ಟಿ ಹಿಡಿದು ಹರಸುತ್ತಿದ್ದದ್ದು ರೊಟ್ಟಿಯನ್ನಲ್ಲ, ಭೂಮಿಯಿಂದ ರೊಟ್ಟಿಯನ್ನು ಹೊರಡಿಸುವ ದೇವರನ್ನು. ಅಂದರೆ ಅದು ಸ್ತುತಿ. ಆದ್ದರಿಂದ ನೀವು ಉಣ್ಣುವುದು ಊಟವನ್ನೇ, ನೆರೆಯವರ ಊಟವನ್ನು.

ಆದರೆ ಮೊಂತಿ ಹಬ್ಬದ ಎಲೆಯಲ್ಲಿ ಒಂದು ಪದಾರ್ಥ ಮಾತ್ರ ಬೇರೆ ತೂಕದ್ದು. ಆ ದಿನ ಬೆಳಿಗ್ಗೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಕುಟುಂಬಗಳಿಗೆ ಹಂಚುತ್ತಾರೆ. ಮನೆಗೆ ತಂದ ತೆನೆಯನ್ನು ಪೀಠದ ಮುಂದಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸಿ, ಕಾಳುಗಳನ್ನು ಸುಲಿದು ಪುಡಿ ಮಾಡಿ, ಹಾಲಿಗೋ ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಕೊಂಕಣಿಯಲ್ಲಿ ಇದು ‘ನವೆಂ’, ಹೊಸತು. ಇದು ಪವಿತ್ರವೆಂದು ಗೌರವಿಸುವ ವಸ್ತುವೇ ಹೌದು. ಆದರೆ ಬಲಿಪೂಜೆಯಲ್ಲಿ ವಿಶ್ವಾಸಿಗಳಿಗಷ್ಟೇ ಕೊಡುವ ಪರಮಪ್ರಸಾದ ಇದಲ್ಲ. ಅತಿಥಿಗೂ ಇದನ್ನು ಕೊಡುವ ಮನೆಗಳಿವೆ, ಕುಟುಂಬದೊಳಗೇ ಉಳಿಸಿಕೊಳ್ಳುವ ಮನೆಗಳೂ ಇವೆ. ಕೊಟ್ಟರೆ ಸಂತೋಷದಿಂದ ತೆಗೆದುಕೊಳ್ಳಿ, ಕೊಡದಿದ್ದರೆ ತಪ್ಪು ತಿಳಿಯಬೇಡಿ. ತುಳುವರ ಮನೆಗಳಲ್ಲಿ ತೆನೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವುದನ್ನು ಕಂಡವರಿಗೆ ಇದರಲ್ಲಿ ಅಪರಿಚಿತವಾದದ್ದು ಬಹಳವಿಲ್ಲ. ಫರಂಗಿಪೇಟೆಯಲ್ಲಿ ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನ ಗುಡ್ಡ, ಎಂಬಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಸಮುದಾಯದ ಇತಿಹಾಸ ಹೇಳುತ್ತದೆ. ಮರಿಯಮ್ಮನ ಜನ್ಮದಿನವೂ ಕರಾವಳಿಯ ಹೊಸ ಬೆಳೆಯೂ ಒಂದೇ ಪಂಕ್ತಿಯಲ್ಲಿ ಕುಳಿತದ್ದು ಹೀಗೆ. ಆ ದಿನ ಮೀನು ಮಾಂಸವಿಲ್ಲ. ತರಕಾರಿಯ ಬಗೆಗಳು ಮೂರು, ಐದು, ಏಳು ಎಂದು ಬೆಸ ಸಂಖ್ಯೆಯಲ್ಲೇ ಇರಬೇಕು. ಕೆಸುವಿನ ದಂಟಿಗೆ ಅಂಬಟೆ ಹಾಕಿದ ಪದಾರ್ಥವಿದ್ದರೆ ನನ್ನ ಮಟ್ಟಿಗೆ ಉಳಿದವು ಲೆಕ್ಕಕ್ಕಷ್ಟೇ.

ಪ್ರಶ್ನೆ: ನನ್ನದು ಕೊಂಕಣಿ ಕಥೋಲಿಕ ತವರು, ಗಂಡನ ಮನೆಯವರು ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟರು, ಕನ್ನಡ ಮತ್ತು ತುಳು ಮಾತನಾಡುವವರು. ಕ್ರಿಸ್ಮಸ್ ಊಟಕ್ಕೆ ಎರಡೂ ಕಡೆಯವರು ಸೇರುತ್ತಾರೆ. ನನ್ನ ತಾಯಿಯ ಕಂಠಪಾಠದ ಪ್ರಾರ್ಥನೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ; ಮಾವನವರು ಮನಸ್ಸಿನಿಂದ ಬಂದಂತೆ ಹತ್ತು ನಿಮಿಷ ಪ್ರಾರ್ಥಿಸುತ್ತಾರೆ. ಯಾರಿಗೆ ಬಿಟ್ಟುಕೊಡಬೇಕು?
– ಓದುಗರೊಬ್ಬರು, ಮಂಗಳೂರು

ಉತ್ತರ: ಹತ್ತು ನಿಮಿಷವೆಂದರೆ ಇಡ್ಲಿಯಂಥ ಸಣ್ಣಾಸ್‌ ಆರಿ ತಣ್ಣಗಾಗುವಷ್ಟು ಹೊತ್ತು, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಇಬ್ಬರೂ ತಮ್ಮ ತಮ್ಮ ಪರಂಪರೆಗೆ ನಿಷ್ಠರಾಗಿಯೇ ನಡೆಯುತ್ತಿದ್ದಾರೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಮನೆಯ ಹಿರಿಯನು ಆ ದಿನದ ಸಂಗತಿಗಳನ್ನೆಲ್ಲ ಹೆಸರಿಸಿ ಸ್ವಂತ ಮಾತಿನಲ್ಲಿ ಪ್ರಾರ್ಥಿಸುವುದು ರೂಢಿ. ಕಥೋಲಿಕರ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಿರುವ ಮಾತುಗಳನ್ನು ಒಟ್ಟಿಗೆ ಹೇಳುವುದೇ ಮುಖ್ಯ, ಮೂರು ವರ್ಷದ ಮಗುವೂ ದನಿಗೂಡಿಸಬಲ್ಲದು ಎಂಬ ಕಾರಣಕ್ಕೆ. ಸ್ವಂತ ಮಾತಿನ ಪರಂಪರೆಯಲ್ಲೂ ಸಿದ್ಧಪಾಠಕ್ಕೆ ಸ್ಥಳವಿಲ್ಲವೆಂದಲ್ಲ: ಪ್ರೊಟೆಸ್ಟೆಂಟ್ ಸುಧಾರಣೆಯನ್ನು ಆರಂಭಿಸಿದ ಮಾರ್ಟಿನ್ ಲೂಥರ್ 1529ರ ತನ್ನ ಚಿಕ್ಕ ಪ್ರಶ್ನೋತ್ತರ ಗ್ರಂಥದಲ್ಲಿ, ಎಲ್ಲ ಜೀವಿಗಳ ಕಣ್ಣುಗಳೂ ನಿನ್ನತ್ತ ನೋಡುತ್ತವೆ, ನೀನು ಕೈದೆರೆದು ಎಲ್ಲವನ್ನೂ ತೃಪ್ತಿಪಡಿಸುತ್ತೀ ಎಂಬರ್ಥದ 145ನೇ ಕೀರ್ತನೆಯ ಸಾಲುಗಳನ್ನು ಊಟಕ್ಕೆ ಮುಂಚೆ ಹೇಳಲು ಕೊಟ್ಟಿದ್ದಾನೆ. ಮಕ್ಕಳೂ ಮನೆಗೆಲಸದವರೂ ಕೈಜೋಡಿಸಿ ಮೇಜಿನ ಬಳಿಗೆ ಬರಬೇಕೆಂಬುದು ಅಲ್ಲಿನ ವಿಧಿ. ಕೆಲಸದವರನ್ನು ಅಡುಗೆಮನೆಯಲ್ಲೇ ನಿಲ್ಲಿಸಿ ಪ್ರಾರ್ಥನೆ ಮುಗಿಸುವ ಇಂದಿನ ಎಷ್ಟೋ ಮನೆಗಳು ಇದನ್ನು ಓದಿದರೆ ಒಳ್ಳೆಯದು.

ನನ್ನ ಸಲಹೆ ಹೀಗಿದೆ. 145ನೇ ಕೀರ್ತನೆಯ ಆ ಎರಡು ವಚನಗಳು ಎರಡೂ ಕಡೆಯವರಿಗೆ ಒಪ್ಪಿಗೆಯಾಗುವಂಥವು; ಅವನ್ನು ಕನ್ನಡದಲ್ಲಿ ಎಲ್ಲರೂ ಒಟ್ಟಿಗೆ ಹೇಳಿ ಊಟ ಆರಂಭಿಸಿ. ಮಾವನವರ ಪ್ರಾರ್ಥನೆಯನ್ನು ಊಟದ ಕೊನೆಗೆ ಇಟ್ಟುಕೊಳ್ಳಿ. ಹೊಟ್ಟೆ ತುಂಬಿದವರು ಹತ್ತು ನಿಮಿಷ ತಾಳ್ಮೆಯಿಂದ ಕೇಳುತ್ತಾರೆ. ನಿಮ್ಮ ತಾಯಿಯವರಿಗಂತೂ ಹೊಸದೊಂದು ಹೊಣೆ ಬೇಕಿಲ್ಲ: ಮೊಮ್ಮಕ್ಕಳು ಬಂದು ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳಿದಾಗ ಅವರು ತಲೆಯ ಮೇಲೆ ಕೈಯಿಟ್ಟು ಹೇಳುವ ಹರಕೆಯೇ ಕೊಂಕಣಿಯ ಪಾಲು. ಮಾವನವರಿಗೆ ಈ ಏರ್ಪಾಡನ್ನು ಹೇಳುವ ಕೆಲಸ ಮಾತ್ರ ನಿಮ್ಮ ಗಂಡನದ್ದು, ಅದೂ ಹಬ್ಬಕ್ಕೆ ಒಂದು ವಾರ ಮೊದಲೇ.

ಪ್ರಶ್ನೆ: ಊಟದ ನಂತರವೂ ಪ್ರಾರ್ಥನೆ ಇದೆಯೇ? ನಮ್ಮ ಮನೆಯಲ್ಲಿ ಯಾರೂ ಮಾಡುವುದಿಲ್ಲ.
– ಓದುಗರೊಬ್ಬರು, ಶಿರ್ವ

ಉತ್ತರ: ಇದೆ, ಮತ್ತು ಬೈಬಲಿನ ಹಳೆಯ ಒಡಂಬಡಿಕೆಯನ್ನು ನೋಡಿದರೆ ಆಜ್ಞೆಯ ರೂಪದಲ್ಲಿ ಇರುವುದು ಅದೇ. ಧರ್ಮೋಪದೇಶಕಾಂಡದ 8ನೇ ಅಧ್ಯಾಯದ 10ನೇ ವಚನವು, ತಿಂದು ತೃಪ್ತರಾದಾಗ ಒಳ್ಳೆಯ ನಾಡನ್ನು ಕೊಟ್ಟ ದೇವರನ್ನು ಸ್ತುತಿಸಬೇಕೆನ್ನುತ್ತದೆ. ಹಸಿದವನು ಕೇಳಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. ಉಂಡು, ಚೆಂದದ ಮನೆ ಕಟ್ಟಿಸಿ, ದನಕರು, ಬೆಳ್ಳಿಬಂಗಾರ ಹೆಚ್ಚಿದ ಮೇಲೆ ಇದೆಲ್ಲ ನನ್ನ ತೋಳ್ಬಲದ ಸಂಪಾದನೆ ಎಂದುಕೊಳ್ಳುವ ಅಪಾಯವನ್ನೇ ಆ ಅಧ್ಯಾಯ ಮುಂದೆ ವಿವರಿಸುತ್ತದೆ. ಕಥೋಲಿಕರಲ್ಲೂ ಲೂಥರನ ಗ್ರಂಥದಲ್ಲೂ ಊಟದ ನಂತರದ ಪ್ರಾರ್ಥನೆಯ ಪಾಠಗಳಿವೆ, ಚಿಕ್ಕವೇ. ಕೊಂಕಣಿಯಲ್ಲಿ ಕೃತಜ್ಞತೆ ಹೇಳುವ ‘ದೇವ್ ಬರೆಂ ಕರುಂ’ ಎಂಬ ಮಾತಿಗೆ ದೇವರು ಒಳ್ಳೆಯದು ಮಾಡಲಿ ಎಂದರ್ಥ. ಬಡಿಸಿದವರಿಗೆ ಅದನ್ನು ಹೇಳಿದರೆ ಪ್ರಾರ್ಥನೆಯೂ ಆಯಿತು, ಉಪಕಾರಸ್ಮರಣೆಯೂ ಆಯಿತು.

ನಮ್ಮ ಅಜ್ಜಿ ಎಲೆ ಮಡಚುವ ಮುನ್ನ ಎಲ್ಲರನ್ನೂ ಕುಳ್ಳಿರಿಸಿ, ಆ ವರ್ಷ ಗದ್ದೆಗೆ ಇಳಿದಿದ್ದವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು: ಉತ್ತವರು, ನಾಟಿ ಮಾಡಿದ ಹೆಂಗಸರು, ಕಟಾವಿಗೆ ಬಂದವರು. ಕೊನೆಯಲ್ಲಿ ಬೊಂಬಾಯಿಯಲ್ಲಿದ್ದ ಚಿಕ್ಕಪ್ಪನ ಹೆಸರು; ಅವರ ಪಾಲಿನ ನಾಲ್ಕು ಹೊಸ ಕಾಳುಗಳು ಆಗಲೇ ಲಕೋಟೆಯೊಳಗೆ ಸೇರಿರುತ್ತಿದ್ದವು. ನಿಮ್ಮ ಮನೆಯಲ್ಲಿ ಆರಂಭಿಸುವುದಾದರೆ ಹೆಸರುಗಳಿಂದಲೇ ಆರಂಭಿಸಬಹುದು. ಗದ್ದೆ ಇಲ್ಲದವರಿಗೆ ತರಕಾರಿ ತಂದುಕೊಟ್ಟವರು, ಅಡುಗೆಗೆ ನೆರವಾದವರು, ಆ ಸಲ ಬರಲಾಗದವರು ಇದ್ದೇ ಇರುತ್ತಾರೆ.