ಕಿಡ್ನಿ ಕಸಿ ಆದವರು ಟ್ಯಾಕ್ರೊಲಿಮಸ್ ಬಿಟ್ಟು ಸೈಕ್ಲೊಸ್ಪೊರಿನ್‌ಗೆ ಬದಲಾಯಿಸಬಹುದಾ?

ನಿಮ್ಮ ತಮ್ಮನಿಗೆ ಕಸಿ ಆಗಿ ಐದು ತಿಂಗಳು. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಿರಲಿ ಎಂದು ಕೊಡುವ ಟ್ಯಾಕ್ರೊಲಿಮಸ್ ಶುರುವಾದ ಮೇಲೆ ಶುಗರ್ ಬಂದಿದೆ. ಪರಿಚಯದವರೊಬ್ಬರು ಅಂಥದ್ದೇ ಇನ್ನೊಂದು ಔಷಧಿ ಸೈಕ್ಲೊಸ್ಪೊರಿನ್‌ನಲ್ಲಿ ಚೆನ್ನಾಗಿದ್ದಾರೆ, ಅದಕ್ಕೇ ಈ ಪ್ರಶ್ನೆ, ಅಲ್ವಾ? ನಾನು ಡಾಕ್ಟರ್ ಅಲ್ಲ. ಅಮ್ಮ ಕೊಟ್ಟ ಕಿಡ್ನಿಯಲ್ಲಿ ಹದಿನಾರು ವರ್ಷದಿಂದ ಬದುಕುತ್ತಿದ್ದೇನೆ. ಈ ಎರಡೂ ಔಷಧಿ ತೆಗೆದುಕೊಂಡಿದ್ದೇನೆ.

ಮೊದಲು ನನಗೆ ಕೊಟ್ಟಿದ್ದು ಸೈಕ್ಲೊಸ್ಪೊರಿನ್. ಕಿಡ್ನಿ ಚೆನ್ನಾಗಿಯೇ ಇತ್ತು. ಆದರೆ ವಸಡು ಊದಿ ಹಲ್ಲಿನ ಮೇಲೆ ಬೆಳೆಯಿತು, ಬಿಪಿ ಏರಿತು. ಮುಖದ ಮೇಲೆ ಕೂದಲು ಬಂತು. ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದೆ. ಎರಡು ವರ್ಷದ ಮೇಲೆ ಡಾಕ್ಟರೇ ಟ್ಯಾಕ್ರೊಗೆ ಬದಲಾಯಿಸಿದರು. ವಸಡು ಇಳಿಯಿತು. ಬದಲಿಗೆ ಕೈ ನಡುಕ ಬಂತು, ತಲೆಕೂದಲು ಉದುರಿತು.

ಎರಡೂ ಮಾಡುವ ಕೆಲಸ ಒಂದೇ. ಹೊಸ ಕಿಡ್ನಿಯ ಮೇಲೆ ಬೀಳುವ ಬಿಳಿ ರಕ್ತಕಣಗಳನ್ನು ತಡೆಯುತ್ತವೆ. ಅದಕ್ಕೇ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತಾರೆ. ಜೊತೆಗೆ ಸಾಮಾನ್ಯವಾಗಿ ಮೈಕೊಫೆನೊಲೇಟ್ ಮತ್ತು ಸ್ಟಿರಾಯ್ಡ್ ಇರುತ್ತವೆ. 2007ರಲ್ಲಿ ಪ್ರಕಟವಾದ ಸಿಂಫೊನಿ ಎಂಬ ಅಧ್ಯಯನದಲ್ಲಿ 1645 ರೋಗಿಗಳಿದ್ದರು. ಕಡಿಮೆ ಡೋಸ್ ಟ್ಯಾಕ್ರೊ ತೆಗೆದುಕೊಂಡವರಲ್ಲಿ ಮೊದಲ ವರ್ಷ ರಿಜೆಕ್ಷನ್ (ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವುದು) ಆಗಿದ್ದು ನೂರಕ್ಕೆ ಸುಮಾರು 12 ಜನಕ್ಕೆ. ಸೈಕ್ಲೊಸ್ಪೊರಿನ್ ಗುಂಪುಗಳಲ್ಲಿ 24ರಿಂದ 26. ಆದರೆ ಶುಗರ್ ಬಂದಿದ್ದು ಟ್ಯಾಕ್ರೊದವರಲ್ಲೇ ಜಾಸ್ತಿ.

ಹಾಗಾಗಿ ಐದನೇ ತಿಂಗಳಲ್ಲಿ ಶುಗರ್‌ಗೆ ಹೆದರಿ ನೀವಾಗಿಯೇ ಬದಲಾಯಿಸಬೇಡಿ, ದಯವಿಟ್ಟು. ರಿಜೆಕ್ಷನ್ ಭಯ ಹೆಚ್ಚಿರುವುದೇ ಮೊದಲ ವರ್ಷ. ಶುಗರ್‌ಗೆ ಮಾತ್ರೆ, ಇನ್ಸುಲಿನ್ ಇದೆ. ಕಿಡ್ನಿ ಹೋದರೆ ಮತ್ತೆ ಡಯಾಲಿಸಿಸ್. ಡಾಕ್ಟರ್ ಹತ್ತಿರ ಎರಡು ವಿಷಯ ಕೇಳಿ: ಟ್ಯಾಕ್ರೊ ಲೆವೆಲ್, ಅಂದರೆ ರಕ್ತದಲ್ಲಿ ಅದರ ಪ್ರಮಾಣ, ಎಷ್ಟಿದೆ, ಎಷ್ಟಿರಬೇಕು? ಸ್ಟಿರಾಯ್ಡ್ ಇನ್ನೂ ಇಳಿಸಬಹುದಾ? ಸ್ಟಿರಾಯ್ಡ್ ಕೂಡ ಶುಗರ್ ಏರಿಸುತ್ತದೆ. ಇವನ್ನೆಲ್ಲ ನೋಡಿಯೂ ಶುಗರ್ ಹತೋಟಿಗೆ ಬರದಿದ್ದರೆ ಅವರೇ ಸೈಕ್ಲೊಸ್ಪೊರಿನ್ ಯೋಚಿಸಬಹುದು. ಹಾಗೆ ಬದಲಾಯಿಸಿಕೊಂಡವರೂ ಇದ್ದಾರೆ.

ಲೆವೆಲ್ ಟೆಸ್ಟಿಗೆ ರಕ್ತ ಕೊಡುವ ದಿನ ಬೆಳಗಿನ ಟ್ಯಾಕ್ರೊ ಮೊದಲೇ ನುಂಗಬಾರದು. ರಕ್ತ ಕೊಟ್ಟ ಮೇಲೆ ತಗೊಳ್ಳಬೇಕು. ಒಮ್ಮೆ ನಾನು ಮರೆತು ನುಂಗಿ ಹೋಗಿದ್ದೆ. ಲೆವೆಲ್ ವಿಪರೀತ ಬಂದು ಮನೆಯವರೆಲ್ಲ ಗಾಬರಿಯಾದರು.

ಭೇದಿ ಆದರೆ ಸುಮ್ನೆ ಮನೆಮದ್ದು ಮಾಡಿಕೊಂಡು ಕೂರಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಭೇದಿಯಲ್ಲಿ ಟ್ಯಾಕ್ರೊ ಲೆವೆಲ್ ಏರುತ್ತದೆ, ಕಿಡ್ನಿಗೆ ಅದು ಒಳ್ಳೆಯದಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ಉಲ್ಟಾ, ಲೆವೆಲ್ ತೀರಾ ಇಳಿಸಿಬಿಡುತ್ತದೆ. ಬೇರೆ ಯಾವ ಡಾಕ್ಟರ್ ಏನೇ ಬರೆದುಕೊಟ್ಟರೂ ಕಸಿಯ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೊಫೆನಾಕ್ ತರಬೇಡಿ. ಹಾಂ, ಚಕ್ಕೋತ ಹಣ್ಣೂ ಬೇಡ. ಅದೂ ಲೆವೆಲ್ ಏರಿಸಬಲ್ಲದು.